ಮರೆಮಾಡುವ ವಸ್ತ್ರವೂ ಹೊರಗೆಡಹುವ ವಸ್ತ್ರವೂ

ಮೈಯನ್ನು ಮರೆಮಾಡುವುದೇ ವಸ್ತ್ರದ ಧರ್ಮವೆಂದು ಲೋಕವು ತಿಳಿದಿರುವುದು. ಅಮೆರಿಕಾದ ಅಟ್ಲಾಂಟಾ ನಗರದ ಜಾರ್ಜಿಯಾ ತಾಂತ್ರಿಕ ವಿದ್ಯಾಲಯದಲ್ಲಿ ಸುಂದರೇಶನ್ ಜಯರಾಮನ್ ಎಂಬ ವಿದ್ವಾಂಸರು, ಅಲ್ಲಿಯ ನೌಕಾಪಡೆಯ ಧನಸಹಾಯದಿಂದ 1996ರಲ್ಲಿ ರೂಪಿಸತೊಡಗಿದ ಅಂಗಿಯಾದರೋ ಇದಕ್ಕೆ ವಿಪರೀತವಾದುದು. ಬೆಳಕನ್ನು ಸಾಗಿಸುವ ಎಳೆಗಳನ್ನು ನೂಲಿನೊಡನೆ ಸೇರಿಸಿ ಅದನ್ನು ನೆಯ್ದರು. ಗುಂಡು ತಗುಲಿ ಎಳೆ ಹರಿದೊಡನೆ ಬೆಳಕು ತಡೆದು ಗಾಯದ ಸ್ಥಾನವು ತಿಳಿಯುವುದು. ಯೋಧನ ಎದೆಬಡಿತ, ಉಸಿರು, ಮೈಬಿಸಿಗಳೂ ದೂರದ ವೈದ್ಯನಿಗೆ ಗೋಚರವಾಗುವುವು. ನುಡಿಯರಿಯದ ಹಸುಳೆಗಳಿಗಾಗಿಯೂ ಇಂತಹ ಅಂಗಿಯನ್ನು ಮುಂದೆ ಕಲ್ಪಿಸಿದರು. ಇಲ್ಲಿ ಹೊರಗೆಡಹುವುದೇ ರಕ್ಷಣೆ; ಆಕ್ಷೇಪಕ್ಕೆ ಎಡೆಯಿಲ್ಲ.

ಕೂಲಿಯಾಳಿಗೆ ಒಡೆಯನೇ ಇದನ್ನು ತೊಡಿಸಿದರೆ? ಆಳಿನ ಆಯಾಸವು ಅವನು ಬಾಯ್ದೆರೆಯುವ ಮೊದಲೇ ಒಡೆಯನ ಲೆಕ್ಕಕ್ಕೆ ಬಂದೀತು. ಗಾಯಾಳುವಿಗೆ ರಕ್ಷೆಯಾದ ನೂಲು ಇವನಿಗೆ ಬೇಹುಗಾರನು. (ನೂಲಿಗೆ ಪಾಪಪುಣ್ಯಗಳಿಲ್ಲ, ನಿಜ.) ತನ್ನ ದಣಿವನ್ನು ತಾನೇ ಹೇಳಬಲ್ಲವನ ಬಟ್ಟೆಯು ಅವನ ಅಪ್ಪಣೆಯಿಲ್ಲದೆ ನುಡಿದರೆ, ಉಟ್ಟಿದ್ದೂ ಅವನು ಬೆತ್ತಲೆಯೇ. ಒಪ್ಪಿಗೆ ಪಡೆದೇ ತೊಡಿಸುವೆವೆಂದು ಕೆಲವರು ಸಮಾಧಾನ ಹೇಳುವರು. ದಿನಗೂಲಿಯವನು ಒಲ್ಲೆನೆಂದರೆ ಮರುದಿನ ಅವನಿಗೆ ಕೆಲಸವುಂಟೇ?