ಎಷ್ಟಕ್ಕ ಬಿತ್ತು, ಎಷ್ಟು ಕೊಡ್ತದ?

ರಾಯಚೂರು ಕಡೆ ಮನೆ ಮುಂದೆ ಹೊಸ ಕಾರು ಬಂದು ನಿಂತರೆ ಎರಡು ಪ್ರಶ್ನೆ ಗ್ಯಾರಂಟಿ. ಒಂದು, "ಎಷ್ಟಕ್ಕ ಬಿತ್ತು?" ಇನ್ನೊಂದು, "ಎಷ್ಟು ಕೊಡ್ತದ?" ಮೊದಲನೆಯದು ಆನ್‌ರೋಡ್ ರೇಟು, ಎರಡನೆಯದು ಮೈಲೇಜು. ಚಕ್ರದ ಕೆಳಗಿನ ನಿಂಬೆಹಣ್ಣು ಅಪ್ಪಚ್ಚಿ ಆಗೋ ಮೊದಲೇ ಎರಡಕ್ಕೂ ಉತ್ತರ ಓಣಿ ತುಂಬ ಹರಡಿರುತ್ತೆ. ಬೆಂಗಳೂರಿನ ಆಫೀಸ್ ಪಾರ್ಕಿಂಗ್‌ನಲ್ಲಿ ಯಾರೂ ಹೀಗೆ ಬಾಯಿ ಬಿಟ್ಟು ಕೇಳಲ್ಲ. ಲಿಫ್ಟ್ ಹತ್ತುವಾಗ ಮೊಬೈಲಲ್ಲಿ ನೋಡ್ಕೋತಾರೆ, ಅಷ್ಟೇ ವ್ಯತ್ಯಾಸ.

ನನಗೆ ಕಾಡೋದು ಮೂರನೇ ಪ್ರಶ್ನೆ. ಹೆಚ್ಚಿಗೆ ಕೊಟ್ಟ ದುಡ್ಡಿಗೆ ನಿಜವಾಗಿ ಏನು ಸಿಕ್ಕಿತು?

ಏಣಿಯನ್ನೊಮ್ಮೆ ನೋಡೋಣ. ಕೆಳಗಿನ ಮೆಟ್ಟಿಲಲ್ಲಿ ಆಲ್ಟೋ ಕೆ10, ನಾಲ್ಕು ಲಕ್ಷದ ಆಸುಪಾಸು. ಆಮೇಲೆ ಹತ್ತರಿಂದ ಇಪ್ಪತ್ತು ಲಕ್ಷದೊಳಗೆ ಕ್ರೆಟಾ ಥರದವು. ಇಪ್ಪತ್ತರ ಮೇಲೆ ಇನ್ನೋವಾ, ಮೂವತ್ತು ದಾಟಿದರೆ ಫಾರ್ಚುನರ್. ಅರವತ್ತು ಲಕ್ಷದ ಹತ್ತಿರ ಮರ್ಸಿಡಿಸ್ ಸಿ-ಕ್ಲಾಸ್, ಒಂದೂವರೆ ಕೋಟಿ ದಾಟಿದ ಮೇಲೆ ಎಸ್-ಕ್ಲಾಸ್. ಅದರಾಚೆ ರೋಲ್ಸ್ ರಾಯ್ಸ್, ಅಲ್ಲಿ ಲೆಕ್ಕ ಕೋಟಿಗಳಲ್ಲೇ. ಇದರ ಮೇಲೆ ಕರ್ನಾಟಕದ ರೋಡ್ ಟ್ಯಾಕ್ಸ್ ಬೇರೆ. ದುಬಾರಿ ಕಾರಿಗೆ ಶೇ. 18ರವರೆಗೂ ಹೋಗುತ್ತೆ. ಒಂದೂವರೆ ಕೋಟಿಯ ಗಾಡಿಗೆ ಕಟ್ಟೋ ಆ ಟ್ಯಾಕ್ಸಿನಲ್ಲಿ ಆರು ಆಲ್ಟೋ ಬರ್ತವೆ!

ಆಲ್ಟೋದಿಂದ ಕ್ರೆಟಾಕ್ಕೆ ಹತ್ತಿದರೆ ವ್ಯತ್ಯಾಸ ಮೈಗೇ ಗೊತ್ತಾಗುತ್ತೆ. ಹಿಂದಿನ ಸೀಟಿಗೂ ಎಸಿ ಗಾಳಿ ಬರುತ್ತೆ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಊರಲ್ಲಿ ಅದನ್ನ ಶೋಕಿ ಅನ್ನೋಕಾಗಲ್ಲ. ಬೆಂಗಳೂರಿಂದ ನಾಲ್ಕುನೂರು ಕಿಲೋಮೀಟರ್ ಬಂದಿಳಿದಾಗ ಅವ್ವನ ಸೊಂಟ ಹಿಡಿದಿರಲ್ಲ. ಆದರೆ ಕ್ರೆಟಾದಿಂದ ಸಿ-ಕ್ಲಾಸ್‌ಗೆ ಹತ್ತಿದರೆ? ಒಳಗೆ ನಿಶ್ಶಬ್ದ ಜಾಸ್ತಿ, ಇಂಜಿನ್‌ಗೆ ದಮ್ಮು ಜಾಸ್ತಿ, ಲೆದರ್ ಮೆತ್ತಗೆ. ಎಲ್ಲ ನಿಜ. ಆದರೆ ರಾಯಚೂರಿಂದ ದೇವದುರ್ಗಕ್ಕೆ ಹೊರಟರೆ ವೇಗ ನಿರ್ಧರಿಸೋದು ಇಂಜಿನ್ ಅಲ್ಲ, ಮುಂದೆ ಹತ್ತಿ ಹೇರಿಕೊಂಡು ರಸ್ತೆ ತುಂಬ ಹೊಂಟಿರೋ ಟ್ರ್ಯಾಕ್ಟರ್. ಊರಿಗೊಂದು ಹಂಪ್. ಆಲ್ಟೋ ಹಾರಿ ಹೋಗುತ್ತೆ, ಅರವತ್ತು ಲಕ್ಷದ ಸೆಡಾನು ಹೊಟ್ಟೆ ತಾಗೀತೆಂದು ಓರೆಯಾಗಿ ಹತ್ತಬೇಕು. ದೇವದುರ್ಗ ಎಲ್ಲರಿಗೂ ಒಂದೇ ಟೈಮಿಗೆ ಬರುತ್ತೆ.

ಹಾಗಂತ "ಐಷಾರಾಮ ಅಂದ್ರೆ ಬರೀ ದುಂದು" ಅಂತ ತೀರ್ಪು ಕೊಟ್ಟು ಎದ್ದುಬಿಡೋದು ಸುಲಭ, ಆದರೆ ಸರಿಯಲ್ಲ. ಎಬಿಎಸ್ ಬ್ರೇಕ್ ತಗೊಳ್ಳಿ. ಇವತ್ತಿನ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಬಂದದ್ದು ಮರ್ಸಿಡಿಸ್ ಎಸ್-ಕ್ಲಾಸಿಗೆ. ಭಾರತದಲ್ಲಿ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ ಆದದ್ದು 2019ರಲ್ಲಿ. ಶ್ರೀಮಂತರ ಕಾರಿಂದ ನಮ್ಮ ಆಲ್ಟೋಕ್ಕೆ ಇಳಿಯೋಕೆ ನಲವತ್ತೊಂದು ವರ್ಷ ಬೇಕಾಯ್ತು, ಆದರೆ ಇಳಿಯಿತು. ಏರ್‌ಬ್ಯಾಗ್ ಕಥೆಯೂ ಹೆಚ್ಚುಕಡಿಮೆ ಹೀಗೇ. ಅಂದರೆ ಮೊದಮೊದಲು ದುಬಾರಿ ದುಡ್ಡು ಕೊಟ್ಟವರು ಗೊತ್ತಿಲ್ಲದೇ ನಮ್ಮ ಪರವಾಗಿಯೂ ಸ್ವಲ್ಪ ಕೊಟ್ಟಿದ್ದಾರೆ. ಇನ್ನೊಂದು ದಾರಿಯೂ ಇತ್ತು ಅನ್ನೋದನ್ನ ಮರೆಯಬಾರದು. 1959ರಲ್ಲಿ ವೋಲ್ವೋದ ಇಂಜಿನಿಯರ್ ನಿಲ್ಸ್ ಬೋಲಿನ್ ಈಗ ನಾವೆಲ್ಲ ಹಾಕಿಕೊಳ್ಳೋ ಸೀಟ್ ಬೆಲ್ಟ್ ರೂಪಿಸಿದಾಗ, ಕಂಪನಿ ಅದರ ಪೇಟೆಂಟನ್ನ ಎಲ್ಲರೂ ಬಳಸಲಿ ಅಂತ ಬಿಟ್ಟುಕೊಟ್ಟಿತು.

ಈಗ ಇನ್ನೊಂದು ಕಾರು. 1948ರವರೆಗೆ ರಾಯಚೂರು ಇದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಆ ನಿಜಾಮರಿಗಾಗಿ 1912ರ ಸುಮಾರಿಗೆ ತಯಾರಾದ ಒಂದು ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್‌ನ ಹಿಂದಿನ ಸೀಟು ಅಕ್ಷರಶಃ ಸಿಂಹಾಸನದ ಥರ, ಎತ್ತರದಲ್ಲಿ ಇತ್ತು. ಎಬಿಎಸ್ ಇಳಿದಂತೆ ಆ ಸಿಂಹಾಸನ ನೂರು ವರ್ಷ ಕಳೆದರೂ ನಮ್ಮ ತನಕ ಇಳಿದು ಬರಲಿಲ್ಲ. ಬರೋಕೆ ಸಾಧ್ಯವೂ ಇಲ್ಲ. ಎಲ್ಲರಿಗೂ ಸಿಂಹಾಸನ ಸಿಕ್ಕ ದಿನ ಅದು ಕುರ್ಚಿ ಆಗಿಬಿಡುತ್ತೆ.

ನನಗೆ ಸಿಕ್ಕ ಅಳತೆಗೋಲು ಇಷ್ಟೇ: ಈ ಸೌಲಭ್ಯ ನಾಳೆ ಎಲ್ಲರಿಗೂ ಸಿಕ್ಕರೆ ನನಗಿರೋ ಲಾಭ ಉಳಿಯುತ್ತಾ? ಬ್ರೇಕು, ಬೆಲ್ಟು, ತಣ್ಣನೆ ಗಾಳಿ ಉಳಿಯುತ್ತವೆ. ಎದುರಿನವನ ಕಾರೂ ಸರಿಯಾಗಿ ಬ್ರೇಕ್ ಹಿಡಿದರೆ ನನಗೆ ಲಾಭ ಇನ್ನೂ ಜಾಸ್ತಿ. ಬಾನೆಟ್ ಮೇಲಿನ ನಕ್ಷತ್ರ ಉಳಿಯಲ್ಲ, ಅದರ ಬೆಲೆ ಇರೋದೇ ಪಕ್ಕದವನ ಹತ್ರ ಇಲ್ಲ ಅನ್ನೋದರಲ್ಲಿ. ಫ್ರೆಡ್ ಹಿರ್ಷ್ ಅನ್ನೋ ಅರ್ಥಶಾಸ್ತ್ರಜ್ಞ 1976ರಲ್ಲೇ ಇಂಥವನ್ನ ಸ್ಥಾನಕ್ಕಾಗಿ ಕೊಳ್ಳುವ ವಸ್ತುಗಳು ಅಂತ ಬೇರೆ ಮಾಡಿ ತೋರಿಸಿದ್ದರು. ಎಲ್ಲರೂ ತುದಿಗಾಲಲ್ಲಿ ನಿಂತರೆ ಕಾಲು ನೋಯುತ್ತೆ ಹೊರತು ಯಾರಿಗೂ ಜಾತ್ರೆ ಚೆನ್ನಾಗಿ ಕಾಣಲ್ಲ.

ಇದು ಬರೀ ಶ್ರೀಮಂತರ ಆಟ ಆಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೋದ ವರ್ಷ ಮಾನ್ವಿ ಹತ್ತಿರದ ನಮ್ಮ ಬಳಗದಲ್ಲಿ ಒಂದು ಮದುವೆ ಮಾತುಕತೆಗೆ ಕೂತಿದ್ದೆ. ಹುಡುಗ ನನ್ನ ಹಾಗೇ ಬಿಇ. ಬಾಯಲ್ಲಿ ಯಾರೂ ವರದಕ್ಷಿಣೆ ಅನ್ನಲಿಲ್ಲ. ಅದಕ್ಕೆ 1961ರಿಂದಲೇ ಕಾನೂನಿದೆ, ಎಲ್ಲರಿಗೂ ಗೊತ್ತು. "ನಮಗೇನೂ ಬ್ಯಾಡ್ರಿ, ಹುಡುಗ ಬೆಂಗಳೂರಾಗ ಓಡಾಡಬೇಕಲ್ಲ, ಒಂದು ಗಾಡಿ ನೋಡ್ರಿ" ಅಂದರು. ಸಣ್ಣ ಕಾರು ಅಂದಿದ್ದಕ್ಕೆ ಕಡೆಯವರೊಬ್ಬರು ನಕ್ಕರು. "ಅವರ ಅಣ್ಣಗ ಕ್ರೆಟಾ ಕೊಟ್ಟಾರ. ಇಂವಗ ಆಲ್ಟೋ ಕೊಟ್ರ ಮಂದಿ ಏನಂದಾರು?" ಹುಡುಗಿಯ ಅಪ್ಪ, ನನಗೆ ಕಾಕಾ ಆಗಬೇಕು, ಸುಮ್ಮನೆ ಟವೆಲ್ಲಿಂದ ಮುಖ ಒರೆಸಿಕೊಂಡರು. ಅವರ ಲೆಕ್ಕ ಲಕ್ಷದಲ್ಲಿ ಇರಲಿಲ್ಲ, ಎಕರೆಯಲ್ಲಿತ್ತು. ತುಂಗಭದ್ರಾ ಎಡದಂಡೆ ಕಾಲುವೆ ನೀರು ಹರಿಯೋ ಗದ್ದೆ ಅದು. ಹೊರಗೆ ಬಂದ ಮೇಲೆ ನನ್ನ ಕೇಳಿದರು, "ತಮ್ಮಾ, ಎರಡಕ್ಕೂ ನಾಕೇ ಗಾಲಿ ಅಲ್ಲೇನು?"

ನಾನು ಎಬಿಎಸ್, ಏರ್‌ಬ್ಯಾಗ್ ಅಂತ ವಿವರಿಸಬಹುದಿತ್ತು. ಆದರೆ ಅಲ್ಲಿ ಯಾರೂ ಏರ್‌ಬ್ಯಾಗ್ ಕೇಳಿರಲಿಲ್ಲ, ಅಣ್ಣನಿಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಬಾರದು ಅಂತ ಕೇಳಿದ್ದರು. ಹಿಂದೆ ಸೈಕಲ್ಲು, ಆಮೇಲೆ ಬೈಕು, ಈಗ ಎಸ್‌ಯುವಿ. ಏಣಿ ಉದ್ದ ಆಗ್ತಾ ಹೋಗಿದೆ, ಎಲ್ಲರೂ ಒಟ್ಟಿಗೇ ಹತ್ತಿದ್ದರಿಂದ ಯಾರೂ ಯಾರಿಗಿಂತ ಮೇಲೆ ಹೋಗಿಲ್ಲ. ಹೋಗಿದ್ದು ಗದ್ದೆ ಮಾತ್ರ.

ಒಂದು ತಕರಾರು ನನ್ನೊಳಗೇ ಏಳುತ್ತೆ, ಅದನ್ನ ತಳ್ಳಿಹಾಕಲಾರೆ. ಗೌಡರ ಮನೆ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವನ ಮೊಮ್ಮಗ ಇವತ್ತು ಅದೇ ಓಣಿಯಲ್ಲಿ ಫಾರ್ಚುನರ್ ಓಡಿಸಿದರೆ ಅವನಿಗೆ "ಇದು ಬರೀ ತೋರಿಕೆ" ಅನ್ನೋ ಹಕ್ಕು ನನಗಿದೆಯಾ? ಇಲ್ಲ. ಮಂದಿಯ ಕಣ್ಣು ಅವನ ತಾತನನ್ನ ತಲೆಮಾರುಗಟ್ಟಲೆ ಬಗ್ಗಿಸಿದೆ, ಅದೇ ಕಣ್ಣಿನ ಮುಂದೆ ತಲೆ ಎತ್ತೋದು ಸಣ್ಣ ವಿಷಯ ಅಲ್ಲ. ಆದರೆ ಅದೇ ಅಳತೆಗೋಲು ಇಟ್ಟು ನೋಡಿ. ಆ ಮರ್ಯಾದೆ ನಾಳೆ ಇಡೀ ಕೇರಿಗೆ ಸಿಕ್ಕರೆ ಅವನ ಪಾಲು ಕಡಿಮೆ ಆಗುತ್ತಾ? ಆಗಲ್ಲ. ಅವನಿಗೆ ಬೇಕಿರೋದು ಸಮಾನತೆ, ಸಿಂಹಾಸನ ಅಲ್ಲ. ಕಷ್ಟ ಏನಂದ್ರೆ, ಸಮಾನತೆಯನ್ನ ಶೋರೂಮಿನಲ್ಲಿ ಬಿಡಿಬಿಡಿಯಾಗಿ ಕೊಂಡುಕೋ ಅಂತ ನಾವು ಅವನಿಗೆ ಬಿಟ್ಟಿದ್ದೇವೆ, ಅದೂ ಏಳು ವರ್ಷದ ಕಂತಿನಲ್ಲಿ.

ವಿಜಯದಾಸರು ಹುಟ್ಟಿದ ಚೀಕಲಪರವಿ ಮಾನ್ವಿ ತಾಲ್ಲೂಕಿನದು, ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನದು. ಆ ದಾಸರು ಏಣಿಯನ್ನೇ ಬಿಟ್ಟು ಇಳಿದವರು. ಇಎಂಐ ಕಟ್ಟೋ ನಾನು ಅಷ್ಟು ದೂರ ಹೋಗಲಾರೆ, ನಿಮಗೂ ಹೋಗಿ ಅನ್ನಲ್ಲ. ಚೆನ್ನಾಗಿರೋ ಕಾರು ತಗೊಳ್ಳಿ. ಯಾವ ಮೆಟ್ಟಿಲಲ್ಲಿ ನಿಲ್ಲಬೇಕು ಅನ್ನೋಕೆ ರೂಪಾಯಿಯ ಗೆರೆಯೂ ಇಲ್ಲ, ಡಾಕ್ಟರಿಗೂ ಟ್ಯಾಕ್ಸಿ ಓಡಿಸೋರಿಗೂ ಅದು ಬೇರೆ ಬೇರೆ.

ಆದರೆ ಸುಗ್ಗಿಯಲ್ಲಿ ಒಮ್ಮೆ ಮಾನ್ವಿ, ದೇವದುರ್ಗದ ರಸ್ತೆಯಲ್ಲಿ ಬೆಳಗಿನ ಏಳಕ್ಕೆ ಹೋಗಿ ನೋಡಿ. ಹತ್ತಿ ಬಿಡಿಸೋಕೆ, ಮೆಣಸಿನಕಾಯಿ ಹರಿಯೋಕೆ ಹೊರಟ ಹೆಣ್ಣುಮಕ್ಕಳು ಕ್ರೂಸರ್‌ನಲ್ಲಿ, ಟಂಟಂನಲ್ಲಿ ಒತ್ತಿಕೊಂಡು ಕೂತಿರ್ತಾರೆ. ಬಾಗಿಲು ಹಿಡಿದು ಇಬ್ಬರು ನೇತಾಡ್ತಿರ್ತಾರೆ. 1959ರ ಆ ಬೆಲ್ಟು ಇನ್ನೂ ಅವರ ತನಕ ಇಳಿದಿಲ್ಲ. ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋಗುವವರೂ ಇದೇ ರಸ್ತೆ ಹಿಡಿಯುತ್ತಾರೆ, ನಮ್ಮ ಪಾರ್ಕಿಂಗ್‌ಗೆ ಕಾಂಕ್ರೀಟ್ ಹಾಕಿದವರಲ್ಲಿ ಅವರೂ ಇರಬಹುದು. ಐಷಾರಾಮದ ಬಗ್ಗೆ ನಾಚಿಕೆಪಡಬೇಕಾದ ಜಾಗ ಯಾವುದಾದರೂ ಇದ್ದರೆ ನನ್ನ ಪ್ರಕಾರ ಇದೇ: ಇಳಿಯಬೇಕಾದ್ದು ಇಳಿಯೋಕೆ ಅರವತ್ತು ವರ್ಷ ಕಾಯುತ್ತೇವೆ, ಇಳಿಯಲಾರದ್ದಕ್ಕೆ ಗದ್ದೆ ಮಾರಿಸುತ್ತೇವೆ.

ಆ ಮದುವೆ ಆಯಿತು. ಗಾಡಿಯೂ ಹೋಯಿತು. ನನ್ನ ಕೈಲಿ ಆಗೋದು ಇನ್ನೊಂದು ಮಾತುಕತೆಗೆ ಕರೆದಾಗ ಒಂದು ಪ್ರಶ್ನೆ ಎತ್ತೋದು ಮಾತ್ರ. ಎಷ್ಟಕ್ಕ ಬಿತ್ತು, ಎಷ್ಟು ಕೊಡ್ತದ ಅನ್ನೋದರ ಜೊತೆಗೆ, "ಎಲ್ಲರ ಮನಿ ಮುಂದೂ ಇದೇ ಗಾಡಿ ನಿಂತ ಮ್ಯಾಲೂ ನಿನಗ ಇದು ಬೇಕೇನಪಾ?" ಹೌದು ಅಂದರೆ ತಗೊಳ್ಳಲಿ, ತನ್ನ ದುಡ್ಡಲ್ಲಿ.