ಕಸದಿಂದ ರಸ, ರಸದಿಂದ ಕಸ

ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ‘ಕಸದಿಂದ ರಸ’ ಸ್ಪರ್ಧೆ ಗೊತ್ತಿಲ್ಲದವರು ಕಡಿಮೆ. ಕಳೆದ ವರ್ಷ ನನ್ನ ಅಕ್ಕನ ಮಗಳಿಗೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಹೂಕುಂಡ ಮಾಡಿ ತರಲು ಹೇಳಿದ್ದರು. ಮನೆಯಲ್ಲಿ ಖಾಲಿ ಬಾಟಲಿ ಇರಲಿಲ್ಲ. ಎರಡು ಲೀಟರಿನ ತಂಪು ಪಾನೀಯ ತಂದು, ಅರ್ಧ ಕುಡಿದು ಅರ್ಧ ಸಿಂಕಿಗೆ ಸುರಿದು, ಬಾಟಲಿ ಕತ್ತರಿಸಿ, ಅದಕ್ಕೆ ಹೊಸ ಬಣ್ಣದ ಕಾಗದ, ಮಿನುಗುಪುಡಿ, ಥರ್ಮೊಕೋಲ್ ಚೂರು ಅಂಟಿಸಿದ್ದಾಯಿತು. ಎರಡನೆಯ ಬಹುಮಾನವೂ ಬಂತು. ವಾರದ ಮೇಲೆ ಎಲ್ಲ ಕುಂಡಗಳೂ ಶಾಲೆಯ ಹಿಂದಿನ ಗೋಡೆಯ ಪಕ್ಕ ಬಿದ್ದಿದ್ದವಂತೆ. ಅಂಟು, ಬಣ್ಣ, ಮಿನುಗು ಮೆತ್ತಿದ ಆ ಬಾಟಲಿಗಳನ್ನು ಇನ್ನು ಗುಜರಿಯವನೂ ಮುಟ್ಟುವುದಿಲ್ಲ.

ಇದರಲ್ಲಿ ಶಿಕ್ಷಕರನ್ನು ದೂರುವಂಥದ್ದೇನಿಲ್ಲ. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಕಸವನ್ನು ಚೆನ್ನಾಗಿ ವಿಲೇವಾರಿ ಮಾಡುವುದು, ಕಸವನ್ನೇ ಮಾಡದಿರುವುದು ಇವೆರಡೂ ನೈತಿಕವಾಗಿ ಒಂದೇ ತಕ್ಕಡಿಯಲ್ಲಿ ತೂಗುವ ಕೆಲಸಗಳೇ? ನನಗೆ ಮೊದಲನೆಯದು ಪ್ರಾಯಶ್ಚಿತ್ತದಂತೆಯೂ ಎರಡನೆಯದು ವ್ರತದಂತೆಯೂ ಕಾಣುತ್ತವೆ. ಪ್ರಾಯಶ್ಚಿತ್ತಕ್ಕೊಂದು ಅನುಕೂಲವಿದೆ: ಅದು ಎದುರಿಗೆ ಕಾಣುತ್ತದೆ, ಮುಗಿದ ಮೇಲೆ ಮನಸ್ಸು ಹಗುರಾಗುತ್ತದೆ, ಮತ್ತೆ ಮೊದಲಿನಂತೆಯೇ ನಡೆದುಕೊಳ್ಳಬಹುದು. ವ್ರತ ದಿನವೂ ನಡೆಯಬೇಕು, ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಭಾಷೆಯೂ ಇಲ್ಲಿ ಸ್ವಲ್ಪ ಮೋಸ ಮಾಡುತ್ತದೆ ಅನ್ನಿ. ಸ್ಟೀಲ್ ಲೋಟ ತೊಳೆದು ಮತ್ತೆ ಟೀ ಕುಡಿಯುವುದಕ್ಕೂ, ಪ್ಲಾಸ್ಟಿಕ್ ಲೋಟ ಕರಗಿಸಿ ಬೇರೆ ವಸ್ತು ಮಾಡುವುದಕ್ಕೂ ನಾವು ‘ಮರುಬಳಕೆ’ ಎಂದೇ ಹೇಳುತ್ತೇವೆ. ಮೊದಲನೆಯದಕ್ಕೆ ಬೇಕಾದದ್ದು ಒಂದಿಷ್ಟು ನೀರು ಮತ್ತು ಎರಡು ಕೈ. ಎರಡನೆಯದಕ್ಕೆ ಲಾರಿ, ಕಾರ್ಖಾನೆ, ವಿದ್ಯುತ್ತು, ಜೊತೆಗೆ ಕಣ್ಣಿಗೆ ಕಾಣದ ಇನ್ನಷ್ಟು ಕೈಗಳು.

ನಮ್ಮ ವಿಭಾಗದ ಹತ್ತಿರದ ಕ್ಯಾಂಟೀನಿನಲ್ಲಿ ಹಿಂದೆ ಗಾಜಿನ ಲೋಟಗಳಿದ್ದವು. ಕೋವಿಡ್ ಕಾಲದಲ್ಲಿ ಪೇಪರ್ ಕಪ್ ಬಂತು, ರೋಗ ಹೋದರೂ ಕಪ್ ಹೋಗಲಿಲ್ಲ. 2022ರ ಜುಲೈ 1ರಿಂದ ಏಕಬಳಕೆಯ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳು ದೇಶದಾದ್ಯಂತ ನಿಷೇಧವಾದವು. ಪೇಪರ್ ಕಪ್ ತನ್ನ ಹೆಸರಿನ ಬಲದಿಂದ ಪಾರಾಯಿತು. ಅದರ ಒಳಮೈಗೆ ಸಾಮಾನ್ಯವಾಗಿ ತೆಳುವಾದ ಪಾಲಿಥೀನ್ ಪದರವಿರುತ್ತದೆ, ಇಲ್ಲದಿದ್ದರೆ ಬಿಸಿ ಟೀ ನಿಲ್ಲುವುದೇ ಇಲ್ಲ. ಆ ಪದರದಿಂದಾಗಿ ಅದನ್ನು ಉಳಿದ ಕಾಗದದ ಜೊತೆ ನೀರಿಗೆ ಹಾಕಿ ತಿರುಳು ಮಾಡಲು ಬರುವುದಿಲ್ಲ. ಮಣ್ಣಿಗೆ ಹಾಕಿದರೆ ಪೂರ್ತಿ ಕೊಳೆಯುವುದೂ ಇಲ್ಲ. ಗಾಜಿನ ಲೋಟ ಮತ್ತೆ ತರಬಾರದೇ ಎಂದು ಕ್ಯಾಂಟೀನಿನವರನ್ನು ಕೇಳಿದೆ. “ತೊಳೆಯೋರು ಯಾರು ಮೇಡಂ?” ಅಂದರು.

ಇಡೀ ವಿಷಯದ ಗಂಟು ಇರುವುದು ಈ ಪ್ರಶ್ನೆಯಲ್ಲೇ. 2016ರ ಘನತ್ಯಾಜ್ಯ ನಿಯಮಗಳು ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಮೂರು ವಿಂಗಡಣೆ ಹೇಳಿದವು. ಆದರೆ ನಮ್ಮ ತಲೆಯೊಳಗೆ ಅದಕ್ಕಿಂತ ಹಳೆಯ ವಿಂಗಡಣೆಯೊಂದಿದೆ: ರದ್ದಿ, ಮುಸುರೆ, ಎಂಜಲು. ರದ್ದಿಗೆ ಬೆಲೆಯಿದೆ, ಮಾರಲು ನಾಚಿಕೆಯಿಲ್ಲ. ಮುಸುರೆ ದನಕ್ಕಾದರೂ ಹೋಗುತ್ತದೆ. ಎಂಜಲಿಗೆ ಬೆಲೆಯೂ ಇಲ್ಲ, ಗತಿಯೂ ಇಲ್ಲ. ಅದನ್ನು ಮುಟ್ಟುವವರು ಯಾರು ಎಂಬುದನ್ನು ಜಾತಿ ಎಂದೋ ತೀರ್ಮಾನಿಸಿಟ್ಟಿದೆ. ಜಾತಿವಿರೋಧದ ಬಗ್ಗೆ ಸೊಗಸಾದ ಪ್ರಬಂಧ ಮಂಡಿಸಿ ಹೊರಬಂದವರು ಊಟದ ಡಬ್ಬಿಯನ್ನು ಅರ್ಧ ಅನ್ನದ ಸಮೇತ ಒಣ ಕಸದ ನೀಲಿ ಬುಟ್ಟಿಗೆ ಹಾಕಿ ಹೋಗುವುದನ್ನು ವಿಚಾರ ಸಂಕಿರಣಗಳಲ್ಲಿ ನೋಡುತ್ತಲೇ ಇರುತ್ತೇನೆ. ಆ ಡಬ್ಬಿಯೊಳಗೆ ಯಾರೋ ಕೈ ಹಾಕಲೇಬೇಕು. ಹಾಗೆ ಕೈ ಹಾಕುವವರ ಹೆಸರು ನಮ್ಮ ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ.

ಅವರೂ ಕೈ ಹಾಕದಿದ್ದರೆ ಕಸ ಊರ ಹೊರಗೆ ಹೋಗುತ್ತದೆ. ಊರ ಹೊರಗೆ ಅಂದರೆ ಇನ್ನೊಬ್ಬರ ಊರಿಗೆ. 2012ರಲ್ಲಿ ಮಾವಳ್ಳಿಪುರದವರು, 2014ರಲ್ಲಿ ಮಂಡೂರಿನವರು ಬೆಂಗಳೂರಿನ ಕಸ ಬೇಡವೆಂದು ಎದ್ದು ನಿಂತಾಗ ನಗರದ ಬೀದಿಗಳು ನಾರತೊಡಗಿದವು. ಆ ಕಸದ ರಾಶಿಯಲ್ಲಿ ಹಾಸ್ಟೆಲುಗಳ ಅನ್ನವೂ ಕಾಲೇಜುಗಳ ಕಪ್ಪುಗಳೂ ಇದ್ದಿರಲೇಬೇಕು. ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಮಾಡುವ ವಿಶ್ವವಿದ್ಯಾಲಯವನ್ನು ನಿಯಮಗಳೇ ದೊಡ್ಡ ಉತ್ಪಾದಕರ ಸಾಲಿಗೆ ಸೇರಿಸಿವೆ. ಹಸಿ ಕಸವನ್ನು ಆದಷ್ಟೂ ಆವರಣದೊಳಗೇ ಗೊಬ್ಬರ ಮಾಡಬೇಕೆಂದೂ ಹೇಳಿವೆ. ನ್ಯಾಕ್ ಮೌಲ್ಯಮಾಪನದ ಏಳನೆಯ ಮಾನದಂಡದಲ್ಲಿ ತ್ಯಾಜ್ಯ ನಿರ್ವಹಣೆಗೂ ಜಾಗವಿದೆ. ತಂಡ ಬರುವ ತಿಂಗಳು ಬಣ್ಣಬಣ್ಣದ ಬುಟ್ಟಿಗಳು ಬರುತ್ತವೆ, ಗೊಬ್ಬರದ ಗುಂಡಿಗೆ ಬೋರ್ಡು ಬೀಳುತ್ತದೆ. ಬುಟ್ಟಿಗಳು ಮೂರಾದರೂ ಸಂಜೆ ಎಲ್ಲವನ್ನೂ ಒಂದೇ ಟ್ರ್ಯಾಕ್ಟರಿಗೆ ಸುರಿಯುವುದನ್ನು ನಾನೇ ನೋಡಿದ್ದೇನೆ. ‘ತಿಪ್ಪೆ ಸಾರಿಸುವುದು’ ಎಂಬ ಮಾತಿಗೆ ಇದಕ್ಕಿಂತ ಅಕ್ಷರಶಃ ಉದಾಹರಣೆ ನನಗೆ ಸಿಕ್ಕಿಲ್ಲ.

ಕಡಿಮೆ ಮಾಡುವ ಕೆಲಸಕ್ಕೆ ಬೋರ್ಡು ಬೇಕಿಲ್ಲ. ನಾನು ಒಪ್ಪಿಸಬೇಕಾದ ಮಹಾಪ್ರಬಂಧವನ್ನೇ ನೋಡಿ. ಮುನ್ನೂರು ಪುಟ, ಹಾಳೆಯ ಒಂದೇ ಬದಿಗೆ ಮುದ್ರಣ, ಐದು ಪ್ರತಿ: ಸಾವಿರದೈನೂರು ಹಾಳೆ. ಅಷ್ಟೂ ಹಾಳೆಗಳ ಹಿಂಬದಿ ಖಾಲಿ. ಎರಡೂ ಬದಿಗೆ ಮುದ್ರಿಸಬಹುದು ಎಂಬ ಒಂದು ಸಾಲಿನ ಸುತ್ತೋಲೆ ಸಾಕು, ಏಳುನೂರೈವತ್ತು ಹಾಳೆ ಉಳಿಯುತ್ತದೆ. ಮುದ್ರಿಸಿದ್ದನ್ನು ಆಮೇಲೆ ರದ್ದಿಗೆ ಹಾಕಿದರಾಯಿತು ಎನ್ನುವವರಿದ್ದಾರೆ. ಪ್ರತಿ ಸಲ ತಿರುಳಾಗುವಾಗಲೂ ಕಾಗದದ ನಾರು ತುಂಡಾಗುತ್ತ ಹೋಗುತ್ತದೆ. ಕೆಲವು ಸುತ್ತಿನ ನಂತರ ಅದು ಹಾಳೆಯಾಗಿ ಹಿಡಿದುಕೊಳ್ಳುವುದಿಲ್ಲ. ಪ್ರಾಯಶ್ಚಿತ್ತಕ್ಕೂ ಲೆಕ್ಕವಿದೆ.

ಇಷ್ಟು ಬರೆದ ಮೇಲೂ ಒಂದು ತೊಡಕು ಉಳಿಯುತ್ತದೆ. ಒಣ ಕಸ ಆಯ್ದು ಮಾರಿ ಬದುಕುವವರು ಬೆಂಗಳೂರಿನಲ್ಲಿ ಸಾವಿರಾರು ಜನರಿದ್ದಾರೆ. ಹಸಿರು ದಳದಂಥ ಸಂಘಟನೆಗಳ ಬೆಂಬಲದಿಂದ ಕೆಲವರು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಗಳನ್ನೇ ನಡೆಸುತ್ತಿದ್ದಾರೆ. ನಮ್ಮ ವ್ರತ ಅವರ ಅನ್ನಕ್ಕೆ ಕಲ್ಲಾಗುವುದಾದರೆ? ಹಾಗೆಂದು ಕಸ ಹೆಚ್ಚು ಮಾಡುವುದನ್ನು ದಾನವೆಂದು ಕರೆಯಲೂ ಆಗದು. ಆದರೆ ಎಲ್ಲ ಕಸವೂ ಅವರಿಗೆ ಅನ್ನವಲ್ಲ. ರದ್ದಿ, ನೀರಿನ ಬಾಟಲಿ, ರಟ್ಟು, ಲೋಹ ಇವಕ್ಕೆ ಬೆಲೆಯಿದೆ. ಎಂಜಲು ಮೆತ್ತಿದ ಡಬ್ಬಿ, ಪೇಪರ್ ಕಪ್, ಚಿಪ್ಸಿನ ಪೊಟ್ಟಣ ಇವುಗಳಿಂದ ಸಿಗುವುದು ದುಡಿಮೆ ಮಾತ್ರ, ದುಡ್ಡಲ್ಲ. ಕಡಿತವನ್ನು ಎಲ್ಲಿಂದ ಶುರು ಮಾಡಬೇಕೆಂಬುದನ್ನು ನಮ್ಮ ಅನುಕೂಲಕ್ಕಿಂತ ಅವರ ಕೈಗಳು ಚೆನ್ನಾಗಿ ಹೇಳಬಲ್ಲವು.

ನಮ್ಮ ಕಟ್ಟಡದ ಕಸ ತೆಗೆಯುವ ಅಕ್ಕನನ್ನೇ ಕೇಳಿದೆ, ನಾವು ಏನು ಬದಲಾಯಿಸಿದರೆ ನಿಮಗೆ ಹಗುರಾಗುತ್ತದೆ ಅಂತ. ಅವರು ಹೆಚ್ಚು ಯೋಚಿಸಲಿಲ್ಲ. “ಆ ಕಪ್ಪೊಂದು ಬಿಡ್ರಮ್ಮ. ಅರ್ಧ ಟೀ ಬಿಟ್ಟು ಎಸೀತೀರ, ಅದು ಪೇಪರ್ ಮೇಲೆ ಚೆಲ್ಲತ್ತೆ, ಗುಜರಿಯವನು ಇಡೀ ಚೀಲನೇ ಬೇಡ ಅಂತಾನೆ.” ಆಮೇಲೆ ನನ್ನ ಮೇಜಿನ ಮೇಲಿದ್ದ ಕರಡು ಪ್ರತಿಗಳ ಕಡೆ ಕೈ ತೋರಿಸಿ, “ಇದನ್ನ ಮಾತ್ರ ಯಾರಿಗೂ ಕೊಡಬೇಡಿ, ನನಗೇ ಇಡಿ” ಅಂದರು.