ಅಂಚಿನ ಮುಳ್ಳು ಯಾರ ಪಾಲು?

ಕಬ್ಬಿಣ ಕತ್ತರಿಸಿದ ಕಡೆಯಲ್ಲೆಲ್ಲ ಮುಳ್ಳು ಏಳುತ್ತದೆ. ಡ್ರಿಲ್ ಹೊಡೆದ ತೂತಿನ ಆಚೆ ಬದಿಯಲ್ಲಿ, ಕಟಿಂಗ್ ವೀಲ್ ಓಡಿದ ಪ್ಲೇಟಿನ ಅಂಚಿನಲ್ಲಿ, ಲೇತಿಗೆ ಹಾಕಿದ ಶಾಫ್ಟಿನ ತುದಿಯಲ್ಲಿ. ಟೂಲ್ ಎಷ್ಟೇ ಹರಿತ ಇರಲಿ, ಕೈ ಎಷ್ಟೇ ಪಳಗಿರಲಿ, ಕೊನೆಯ ಒಂದೆಳೆ ಲೋಹ ತುಂಡಾಗದೆ ಬಾಗಿ ಅಂಚಿಗೇ ಅಂಟಿಕೊಳ್ಳುತ್ತದೆ. ವರ್ಕ್‌ಶಾಪಿನಲ್ಲಿ ಅದಕ್ಕೆ ಬರ್ ಅನ್ನುತ್ತೇವೆ. ಅದನ್ನು ತೆಗೆಯುವ ಬಿಟ್ಟಿಗೂ ಅಂಗಡಿಯಲ್ಲಿ ಅದೇ ಹೆಸರಾದ್ದರಿಂದ ಇಲ್ಲಿ ಅಂಚಿನದನ್ನು ಮುಳ್ಳು ಎಂದೇ ಬರೆಯುತ್ತೇನೆ.

ಗೋವಿನಕೋವಿಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್. ಕೆಲಸ ಕಲಿತದ್ದು ಹರಿಹರದಲ್ಲಿ, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ತಯಾರಿಸುತ್ತಿದ್ದ ಕಾಲದಲ್ಲಿ, ಅಲ್ಲಿ ದುಡಿದಿದ್ದ ಹಿರಿಯ ಫಿಟ್ಟರೊಬ್ಬರ ಕೈಕೆಳಗೆ. ಈಗ ನನ್ನ ಬಳಿ ಬರುವ ಕೆಲಸದಲ್ಲಿ ಬಹುಪಾಲು ಅಡಿಕೆಯದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಯಲ್ಲಿ ಕೊಯ್ಲು ಶುರುವಾಯಿತೆಂದರೆ ಸುಲಿಯುವ ಮಷಿನ್‌ಗಳ ರಿಪೇರಿಗೆ ರಾತ್ರಿ ಹಗಲಿಲ್ಲ.

ಗೀತೆಯ 18ನೇ ಅಧ್ಯಾಯದಲ್ಲಿ ಒಂದು ಮಾತಿದೆ. ಮಾಡುವ ಎಲ್ಲ ಕೆಲಸಕ್ಕೂ ಏನಾದರೊಂದು ದೋಷ ಕೂಡಿಕೊಂಡೇ ಇರುತ್ತದೆ, ಅದಕ್ಕೆ ಹೆದರಿ ನಿನ್ನ ಕೆಲಸ ಬಿಡಬೇಡ ಎಂಬುದು ಅದರ ಅಭಿಪ್ರಾಯ. ಅದು ನಿಜ ಎಂಬುದಕ್ಕೆ ನನಗೆ ಬೇರೆ ಪುರಾವೆ ಬೇಡ. ನನ್ನ ಬೆಂಚಿನ ಮೇಲಿನ ಪ್ರತಿ ತುಂಡೂ ಅದನ್ನೇ ಹೇಳುತ್ತದೆ. ನನ್ನ ಪ್ರಶ್ನೆ ಅದರ ಮುಂದಿನದು. ದೋಷ ಹುಟ್ಟುವುದು ತಪ್ಪದ ಮೇಲೆ, ಅದನ್ನು ತೆಗೆಯುವುದು ಕೆಲಸದ ಒಳಗೇ ಬರುತ್ತದೋ, ಕೆಲಸ ಮುಗಿದ ಮೇಲೆ ದೇವರ ಮುಂದೆ ನಿಂತು ತೀರಿಸಿಕೊಳ್ಳುವ ಬೇರೆ ಲೆಕ್ಕವೋ?

ಸುಲಿಯುವ ಮಷಿನ್ನಿನ ಕೆಳಗೆ ಅಡಿಕೆ ಬೀಳುವ ಬಾಯಿ ಇರುತ್ತದೆ. ಹಸಿ ಸಿಪ್ಪೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ವಿಚ್ ಆಫ್ ಮಾಡಿ, ಕೆಲಸಕ್ಕೆ ಬಂದ ಹೆಣ್ಣುಮಕ್ಕಳು ಕೈ ಒಳಗೆ ಹಾಕಿ ಸಿಪ್ಪೆಯನ್ನು ಎಳೆದು ತೆಗೆಯುತ್ತಾರೆ. ಹಾಗೆ ಎಳೆಯುವಾಗ ಬೆರಳಿನ ಹಿಂಬದಿ ಪ್ಲೇಟಿನ ಒಳ ಅಂಚಿಗೆ ಉಜ್ಜುತ್ತದೆ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳಿದ್ದರೂ ಸಾಕು, ಚರ್ಮ ಸೀಳುತ್ತದೆ. ಸೀಳಿದ ಜಾಗಕ್ಕೆ ಹಸಿ ಅಡಿಕೆಯ ಒಗರು ರಸ ಇಳಿದರೆ ಆಗುವ ಉರಿ ಎಂಥದೆಂದು ಸುಲಿದವರಿಗೇ ಗೊತ್ತು. ಅಷ್ಟಾದರೂ ಆ ದಿನದ ಕೂಲಿ ಬಿಡುವಂತಿಲ್ಲ, ಮತ್ತೆ ಅದೇ ಕೈ ಅದೇ ಬಾಯಿಯೊಳಗೆ ಹೋಗಬೇಕು.

ನನ್ನ ಜೊತೆ ಕೆಲಸಕ್ಕಿರುವ ಹುಡುಗ ಒಮ್ಮೆ ಕೇಳಿದ, “ಅಣ್ಣಾ, ಒಳಗಿಂದು ಯಾರು ನೋಡ್ತಾರೆ? ಪೇಂಟ್ ಹೊಡೆದ್ರೆ ಮುಚ್ಚಿ ಹೋಗ್ತತಿ.” ದೇವರು ನೋಡುತ್ತಾನೆ ಎಂದು ಹೇಳಬಹುದಿತ್ತು. ಆ ಉತ್ತರ ನನಗೆ ಒಪ್ಪಿಗೆಯಿಲ್ಲ. ನೋಡುವವನಿಗಾಗಿ ಮಾಡುವ ಕೆಲಸ, ನೋಡುವವನು ದೇವರೇ ಆದರೂ, ಮೆಚ್ಚುಗೆಗೆ ಮಾಡಿದ ಕೆಲಸವೇ. “ನೋಡೋರು ಯಾರೂ ಇಲ್ಲಪ್ಪ, ಮುಟ್ಟೋರು ಅದಾರೆ” ಅಂದೆ. ಮುಳ್ಳು ತೆಗೆಯುವ ಬಿಟ್ ಸಿಕ್ಕಿಸಿದ ಡೈ ಗ್ರೈಂಡರ್ ಅವನ ಕೈಗೆ ಕೊಟ್ಟೆ.

ಅವನಿಗೆ ಹೇಳಿಕೊಟ್ಟದ್ದನ್ನು ಇಲ್ಲೂ ಹೇಳುತ್ತೇನೆ, ಏಕೆಂದರೆ ಧರ್ಮದ ಮಾತು ಬಿಟ್ಟಿನ ಹಲ್ಲಿನವರೆಗೆ ಇಳಿಯದಿದ್ದರೆ ಅದರಿಂದ ಯಾರ ಬೆರಳೂ ಉಳಿಯುವುದಿಲ್ಲ. ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟಿನಲ್ಲಿ ಬೆಸೆದು ಈ ಬಿಟ್ ಮಾಡುತ್ತಾರೆ. ಜರ್ಮನಿಯ ಕ್ರುಪ್ ಕಂಪನಿ 1920ರ ದಶಕದಲ್ಲಿ ಇಂಥ ಲೋಹವನ್ನು ವಿಡಿಯಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ನಮ್ಮ ಮೇಸ್ತ್ರಿಗಳ ಬಾಯಲ್ಲಿ ಕಾರ್ಬೈಡ್ ಅಂದರೆ ಇಂದಿಗೂ ವಿಡಿಯಾನೇ. ಗಡಸು ಬಹಳ, ಆದರೆ ಪೆಟ್ಟು ತಡೆಯುವುದಿಲ್ಲ. ಬೆಂಚಿನಿಂದ ಕಲ್ಲುನೆಲಕ್ಕೆ ಬಿದ್ದರೆ ಹಲ್ಲು ಹಾರುತ್ತದೆ. ಎಂಎಸ್, ಅಂದರೆ ಮೈಲ್ಡ್ ಸ್ಟೀಲ್ ಪ್ಲೇಟಿಗೆ ಡಬಲ್ ಕಟ್ ಹಲ್ಲಿನದು ಬೇಕು. ಅದರಲ್ಲಿ ಚೂರು ಸಣ್ಣದಾಗಿ ಬರುತ್ತದೆ, ಬಿಟ್ ಕೈಯನ್ನು ಎಳೆದಾಡುವುದಿಲ್ಲ. ಅಲ್ಯೂಮಿನಿಯಂಗೆ ಅದನ್ನೇ ಹಾಕಿದರೆ ಹಲ್ಲಿನ ಸಂದಿಯೆಲ್ಲ ಲೋಹ ಮೆತ್ತಿಕೊಂಡು ಕೂರುತ್ತದೆ. ಅದಕ್ಕೆ ಅಗಲ ಸಂದಿಯ ಬೇರೆ ಬಿಟ್ ಇದೆ. ತೂತಿನ ಬಾಯಿಗೆ ಕೋನದ್ದು, ಬಾಗಿದ ಒಳ ಅಂಚಿಗೆ ಗುಂಡನೆಯದು ಅಥವಾ ತುದಿ ದುಂಡಗಿರುವ ಉದ್ದನೆಯದು. ಚೂಪು ತುದಿಯದನ್ನು ಅಲ್ಲಿಗೆ ಹಾಕಿದರೆ ಗೆರೆ ಕೊರೆದುಬಿಡುತ್ತದೆ.

ಈ ಬಿಟ್ಟನ್ನು ಡ್ರಿಲ್ಲಿಂಗ್ ಮಷಿನ್ನಿಗೆ ಸಿಕ್ಕಿಸಿ ಓಡಿಸುವವರಿದ್ದಾರೆ. ನಿಮಿಷಕ್ಕೆ ಅದರ ಮೂರು ಸಾವಿರ ಸುತ್ತು ಏನೇನೂ ಸಾಲದು, ಬಿಟ್ ಕುಣಿದು ಹಲ್ಲು ಮುರಿಯುತ್ತದೆ. 12 ಮಿಲಿಮೀಟರ್ ತಲೆಯ ಬಿಟ್ಟಿಗೆ ಕಬ್ಬಿಣದ ಮೇಲೆ 20,000 ಸುತ್ತಿನ ಆಸುಪಾಸು ಬೇಕು. ವೇಗವೇ ಕೆಲಸ ಮಾಡುತ್ತದೆ, ಕೈ ದಾರಿ ತೋರಿಸಿದರೆ ಸಾಕು. ಒತ್ತಿ ಹಿಡಿದು ಒಂದೇ ಕಡೆ ನಿಂತರೆ ಕಾದು ಕೆಂಪಗಾಗಿ, ತಲೆ ಮತ್ತು ಕಾಂಡದ ನಡುವಿನ ಬೆಸುಗೆಯೇ ಬಿಟ್ಟುಕೊಳ್ಳುತ್ತದೆ. ಹಾರುವ ಚೂರು ಸೂಜಿಯಂತಿರುತ್ತದೆ, ಕನ್ನಡಕ ಹಾಕದೆ ಮುಟ್ಟಲೇಬೇಡ ಎಂದು ಅವನಿಗೆ ದಿನಾ ಹೇಳುತ್ತೇನೆ.

ಇನ್ನೊಂದು ಕಷ್ಟ, ಎಲ್ಲಿ ನಿಲ್ಲಿಸಬೇಕೆಂಬುದು. ಮುಳ್ಳು ಹೋದ ಮೇಲೂ ಕೈ ನಿಲ್ಲದಿದ್ದರೆ ಪ್ಲೇಟೇ ತೆಳುವಾಗುತ್ತದೆ, ಬೇರಿಂಗ್ ಕೂರುವ ಜಾಗವಾದರೆ ಸಡಿಲವಾಗಿ ಇಡೀ ತುಂಡು ಗುಜರಿಗೆ ಹೋಗುತ್ತದೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾನು ಇಲ್ಲಿಟ್ಟು ಯೋಚಿಸುತ್ತೇನೆ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ದಾಸೋಹಕ್ಕೇ ತಂದದ್ದು, ಕದ್ದದ್ದಲ್ಲ. ಆದರೂ ಹೆಚ್ಚಾದಷ್ಟನ್ನು ಇದ್ದಲ್ಲಿಗೇ ಹಾಕಿ ಬಾ ಎಂದು ಆಕೆ ಕಳಿಸಿದಳು. ಎಲ್ಲರೂ ಹೇಳುವುದು ಆಕೆ ಹೆಚ್ಚಿನದನ್ನು ಬೇಡವೆಂದಳು ಎಂದು. ದಿನದ ಪಾಲನ್ನು ಆಕೆ ಇಟ್ಟುಕೊಂಡಳು ಎಂಬುದೂ ಅಷ್ಟೇ ದೊಡ್ಡದು. ಉಪವಾಸ ಮಾಡೋಣ ಅನ್ನಲಿಲ್ಲ. ಮುಳ್ಳು ಯಾವುದು, ಪ್ಲೇಟ್ ಯಾವುದು ಎಂಬುದು ಆ ತಾಯಿಗೆ ಗೊತ್ತಿತ್ತು. ದೇಹವನ್ನೇ ದೋಷವೆಂದು ಸವೆಸುವ ವ್ರತಗಳನ್ನು ಕಂಡಾಗ ಆಕೆಯ ಅಳತೆ ಇವರಿಗೆ ಸಿಗಲಿಲ್ಲವಲ್ಲ ಎಂದು ನೋವಾಗುತ್ತದೆ.

ಫಲದ ಆಸೆ ಬಿಡು ಎಂಬ ಮಾತನ್ನೂ ನಮ್ಮ ಜನ ಹಗುರ ಮಾಡಿಕೊಂಡಿದ್ದಾರೆ. ಬಿಡಬೇಕಾದದ್ದು ನನಗೆ ಬರುವ ಫಲ. ಇನ್ನೊಬ್ಬರ ಕೈಗೆ ತಗಲುವ ಫಲವನ್ನು ಬಿಟ್ಟುಬಿಡಲು ನನಗೆ ಹಕ್ಕಿಲ್ಲ. ಆಯುಧಪೂಜೆಯ ದಿನ ನಾನೂ ಗ್ರೈಂಡರಿಗೆ ವಿಭೂತಿ ಹಚ್ಚುತ್ತೇನೆ, ಕುಂಬಳಕಾಯಿ ಒಡೆಯುತ್ತೇನೆ, ಭಕ್ತಿಯಿಂದಲೇ. ಆದರೆ ನಾನು ಬಿಟ್ಟ ಮುಳ್ಳಿಗೆ ಪ್ರಾಯಶ್ಚಿತ್ತ ಆ ಪೂಜೆಯಲ್ಲಿಲ್ಲ. ದೇವರು ನನ್ನನ್ನು ಕ್ಷಮಿಸಬಹುದು, ಸೀಳಿದ ಬೆರಳು ಅದರಿಂದ ಕೂಡುವುದಿಲ್ಲ. ಮುಳ್ಳು ತೆಗೆಯುವುದು ಕೆಲಸವೇ, ಅದು ಮುಗಿಯುವವರೆಗೆ ಕೆಲಸ ಮುಗಿದಿಲ್ಲ.

ಈ ಸಲ ಮಷಿನ್ ಕೊಳ್ಳುವ ಅಥವಾ ರಿಪೇರಿಗೆ ಕೊಡುವ ಅಡಿಕೆ ಬೆಳೆಗಾರರಲ್ಲಿ ಒಂದೇ ಕೇಳಿಕೆ. ಬಣ್ಣ ನೋಡುವ ಮೊದಲು, ಮೋಟಾರ್ ಆಫ್ ಇರುವಾಗ, ಒಂದು ಹತ್ತಿಬಟ್ಟೆಯನ್ನು ಬಾಯಿಯ ಒಳ ಅಂಚಿನ ಮೇಲೆ ಎಳೆದು ನೋಡಿ. ನೂಲು ಸಿಕ್ಕಿಕೊಂಡರೆ ದುಡ್ಡು ಕೊಡಬೇಡಿ, ಮಷಿನ್ ವಾಪಸ್ ಕೊಡಿ, ನನ್ನ ಅಂಗಡಿಯದಾದರೂ ಸರಿ.